ಸವೆದ ಅಚ್ಚುಮೊಳೆಯಲ್ಲೇ ಚೊಕ್ಕ ಅಚ್ಚು ತೆಗೆದೆ

"ಈ ಮೊಳೆ ಕರಗಿಸೋಕಷ್ಟೇ ಲಾಯಕ್ಕು." ಲೋಹದ ಅಕ್ಷರದ ಮೊಳೆ ತುಂಬಿದ ನನ್ನ ಕೇಸುಗಳನ್ನು, ಅಂದರೆ ಖಾನೆಯ ಪೆಟ್ಟಿಗೆಗಳನ್ನು, ನೋಡಿದ ಮೂವರು ಪಳಗಿದ ಮುದ್ರಕರು ಹೇಳಿದ್ದು ಇದೇ ಮಾತು. ಮೊಳೆಯ ಬದಲು ಇಡೀ ಬರಹ ಒಂದೇ ತುಂಡಾಗಿರುವ ಪಾಲಿಮರ್ ಪ್ಲೇಟ್ ಮಾಡಿಸಿ, ಸುಮ್ನೆ ಕಷ್ಟಪಡಬೇಡಿ ಎಂದರು. ಹೋದ ತಿಂಗಳು ಅದೇ 12 ಪಾಯಿಂಟ್ ಮೊಳೆಯಲ್ಲಿ 400 ಆಮಂತ್ರಣ ತೆಗೆದೆ. ಅವರಲ್ಲೇ ಒಬ್ಬರು ಭೂತಗನ್ನಡಿ ಹಿಡಿದು ನೋಡಿ, ಪ್ಲೇಟ್ ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಆವತ್ತು ಆದ ಖುಷಿ ಇನ್ನೂ ಇಳಿದಿಲ್ಲ.

ನನ್ನದು 10×15 ಇಂಚಿನ ಟ್ರೆಡಲ್, ಅಂದರೆ ಸಣ್ಣ ಅಚ್ಚಿನ ಯಂತ್ರ. ಕೊಂಡ ದುಡ್ಡಿಗಿಂತ ಸಾಗಿಸಿದ ದುಡ್ಡೇ ಜಾಸ್ತಿ ಆಯಿತು. ಮೊದಲ ವರ್ಷ ಪೂರ್ತಿ ಒಂದೇ ತಪ್ಪು ಮಾಡಿದೆ. ಅಕ್ಷರ ಬಿಳಿಚಿದರೆ ಪ್ಯಾಕಿಂಗ್, ಅಂದರೆ ಅಚ್ಚಾಗುವ ಕಾಗದದ ಹಿಂದೆ ಇಡುವ ಹಾಳೆಗಳನ್ನು, ಏರಿಸುತ್ತಿದ್ದೆ. ಅದೂ ಮೆತ್ತಗಿನ ಪ್ಯಾಕಿಂಗ್. ಅಕ್ಷರಗಳು ಊದಿಕೊಂಡವು, ಅಂಚು ದುಂಡಗಾಯಿತು. ಇಟಾಲಿಕ್ ಎಫ್ ಅಕ್ಷರದ ಹೊರಚಾಚಿದ ಬಾಲ ಮುರಿದದ್ದೇ ಸುಮಾರು 30.

ತಪ್ಪು ಮೊಳೆಯದ್ದಲ್ಲ, ರೋಲರಿನದ್ದು. ಇಂಕು ಬಳಿಯುವ ರೋಲರ್ ಓಡುವ ಹಳಿ ಸವೆದು ರೋಲರ್ ಕೆಳಗೆ ಕೂತಿತ್ತು. ಮೊಳೆಯ ಮುಖಕ್ಕೆ ಮಾತ್ರ ತಾಗಬೇಕಾದ ಇಂಕು ಪಕ್ಕಕ್ಕೂ ಬಳಿದುಕೊಳ್ಳುತ್ತಿತ್ತು. ಮೊಳೆಯಷ್ಟೇ ಎತ್ತರದ ಗೇಜ್ ಇಟ್ಟು ನೋಡಿದರೆ ರೋಲರ್ ಅದರ ಮೇಲೆ ಬಿಟ್ಟ ಇಂಕಿನ ಪಟ್ಟಿ 8 ಮಿಲಿಮೀಟರ್ ಅಗಲ! ಹಳಿಯ ಮೇಲೆ ಒಂದೊಂದೇ ಪದರ ಟೇಪ್ ಅಂಟಿಸುತ್ತಾ 3ಕ್ಕೆ ತಂದೆ. ಎರಡು ದಿನದ ಕೆಲಸ. ಅರ್ಧ ರೋಗ ಅಲ್ಲಿಗೇ ಹೋಯಿತು. ಒಂದು ವರ್ಷ ಆ ಮೊಳೆಗಳನ್ನು ಬೈದುಕೊಂಡಿದ್ದೆನಲ್ಲ ಎಂದು ನಿಜಕ್ಕೂ ಬೇಜಾರಾಯಿತು.

ಉಳಿದರ್ಧಕ್ಕೆ ಗಟ್ಟಿ ಪ್ಯಾಕಿಂಗ್ ಮತ್ತು ತೇವದ ಕಾಗದ. ಹತ್ತಿಯ ದಪ್ಪ ಕಾಗದವನ್ನು ರಾತ್ರಿ ತೇವದ ಹಾಳೆಗಳ ನಡುವೆ ಪೇರಿಸಿ, ಮೇಲೆ ಭಾರ ಇಡುತ್ತೇನೆ. ಬೆಳಿಗ್ಗೆ ಕೆನ್ನೆಗೆ ತಾಗಿಸಿದರೆ ತಣ್ಣಗಿರಬೇಕು, ಒದ್ದೆ ಅನಿಸಬಾರದು. ಆ ನೀರಿಗೆ ಏನು ಬೆರೆಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆಮೇಲೆ ಮೇಕ್‌ರೆಡಿ, ಅಂದರೆ ಎಲ್ಲ ಅಕ್ಷರ ಒಂದೇ ಸಮ ಮೂಡುವಂತೆ ಸಜ್ಜು ಮಾಡುವುದು. ತಗ್ಗಿದ ಒಂದೊಂದು ಅಕ್ಷರಕ್ಕೂ ಟಿಂಪನ್ (ಪ್ಯಾಕಿಂಗಿನ ಮೇಲಿನ ಹೊದಿಕೆ ಹಾಳೆ) ಕೆಳಗೆ ಟಿಶ್ಯೂ ಚೂರು. ಮೊದಲ ಸಲ 5 ಗಂಟೆ ಹಿಡಿಯಿತು, ಈಗ ಒಂದೂವರೆ. ಒತ್ತಡ ಮೊದಲಿಗಿಂತ ಕಡಿಮೆ, ಅಚ್ಚು ಮಾತ್ರ ಬೆರಳಿಗೆ ಸಿಗುವಷ್ಟು ಆಳ.

ನಡುವೆ ಅಗ್ಗಕ್ಕೆ ಸಿಕ್ಕಿತೆಂದು 18 ಪಾಯಿಂಟಿನ ಒಂದು ಕೇಸ್ ಕೊಂಡೆ. ಅದರಲ್ಲಿ ಜೋಡಿಸಿದ ಸಾಲು ಕಾಗದವನ್ನೇ ತೂತು ಮಾಡಿತು, ಅಕ್ಕಪಕ್ಕದ ಸಾಲು ಮೂಡಲೇ ಇಲ್ಲ. ಮೈಕ್ರೋಮೀಟರ್ ಹಿಡಿದರೆ ಮೊಳೆಯ ಎತ್ತರ 0.928 ಇಂಚು. ನಮ್ಮದು 0.918. ಅದು ಯುರೋಪಿನ ಡಿಡೋ ಎತ್ತರದ ಮೊಳೆ! ಈಗ ಅದನ್ನು ಬೇರೆ ಮೊಳೆಯ ಜೊತೆ ಸೇರಿಸುವುದಿಲ್ಲ. ಪ್ಯಾಕಿಂಗ್ ಇಳಿಸಿ, ರೋಲರ್ ಎತ್ತಿ, ಒಂಟಿಯಾಗಿ ಶೀರ್ಷಿಕೆಗೆ ಬಳಸುತ್ತೇನೆ. ಕೊಳ್ಳುವ ಮುಂಚೆ ಅಳೆದುಬಿಡಿ.

ಇನ್ನೊಂದು ಹುಚ್ಚು, ಸರೇಸು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು) ಮತ್ತು ಗ್ಲಿಸರಿನ್ ಕಾಯಿಸಿ ಹಳೇ ಕಾಲದ ರೋಲರನ್ನು ನಾನೇ ಎರಕ ಹೊಯ್ದದ್ದು. ಮೂರನೆಯದು ಗುಳ್ಳೆಯಿಲ್ಲದೆ ಬಂತು. ಅದರಷ್ಟು ಮೃದುವಾಗಿ ಇಂಕು ಬಳಿಯುವ ರಬ್ಬರ್ ರೋಲರ್ ನಾನು ಕಂಡಿಲ್ಲ. ಆದರೆ ಸೆಕೆಗೆ ಒಂದು ಮಧ್ಯಾಹ್ನ ಜೋತುಬಿತ್ತು. ತಂಪು ದಿನಗಳಿಗೆಂದು ಇನ್ನೊಂದನ್ನು ಮಾಡಿಟ್ಟಿದ್ದೇನೆ.

ಈಗ ದುಡ್ಡಿನ ಮಾತು. ಮೊದಲ ವರ್ಷ ಬಂದದ್ದರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ರೋಲರಿಗೂ ಹಾಳಾದ ಕಾಗದಕ್ಕೂ ಹೋಯಿತು. ನೂರಕ್ಕೆ 20 ಹಾಳೆ ಕೆಡುತ್ತಿತ್ತು, ಈಗ ಐದಾರು. ಅದಕ್ಕಿಂತ ದೊಡ್ಡ ಪೆಟ್ಟು ನಾನು ಹೇಳುತ್ತಿದ್ದ ದರದ್ದು. ಹಾಳೆ ಲೆಕ್ಕದಲ್ಲಿ ದರ ಹೇಳುತ್ತಿದ್ದೆ. 50 ಕಾರ್ಡಿಗೂ 500 ಕಾರ್ಡಿಗೂ ಮೇಕ್‌ರೆಡಿ ಅಷ್ಟೇ ಅಲ್ವಾ? ಸಣ್ಣ ಆರ್ಡರ್‌ಗಳೇ ನನ್ನನ್ನು ತಿಂದವು. ಮೊಳೆ ಬಿಡಿಸಿ ಮತ್ತೆ ಕೇಸಿಗೆ ತುಂಬುವ ಹೊತ್ತನ್ನಂತೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾಲ್ಕು ಗಂಟೆ ಜೋಡಿಸಿದ್ದಕ್ಕೆ ಬಿಡಿಸಲು ಒಂದು ಗಂಟೆಗೂ ಜಾಸ್ತಿ ಬೇಕು. ಈಗ ಜೋಡಣೆ, ಮೇಕ್‌ರೆಡಿ, ಬಿಡಿಸುವುದು ಮೂರೂ ಸೇರಿ ಒಂದು ಗಟ್ಟಿ ಮೊತ್ತ. ಹಾಳೆಯ ದರ ಆಮೇಲೆ. ಎರಡನೇ ಬಣ್ಣ ಅಂದರೆ ಮೇಕ್‌ರೆಡಿ ಇನ್ನೊಂದು ಸಲ. ಮೂವರು ಗಿರಾಕಿಗಳು ಬಿಟ್ಟುಹೋದರು. ಉಳಿದವರು ಚೌಕಾಸಿ ಮಾಡುವುದಿಲ್ಲ.

ನಿನ್ನೆ 8 ಪಾಯಿಂಟಿನ ಕೇಸ್ ಹೊರಗೆ ತೆಗೆದೆ. ಅದು 12ಕ್ಕಿಂತಲೂ ಸವೆದಿದೆ. ಕಾಗದ ಈಗಾಗಲೇ ತೇವದಲ್ಲಿದೆ.