ಸಿರುಗುಪ್ಪ, ಸಿಂಧನೂರಿನ ಒಣಮೆಣಸಿನಕಾಯಿಯನ್ನು ಯುರೋಪಿಗೆ ಕಳಿಸುವ ಮುನ್ನ

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂದ ಮೇಲೆ ಸುಂಕ ತಗ್ಗುತ್ತಾ ಬಂತು, ಲ್ಯಾಬ್ ವರದಿಯ ತೂಕ ಹೆಚ್ಚುತ್ತಾ ಹೋಯಿತು. ವೈಜ್ಞಾನಿಕ ಆಧಾರವಿದ್ದರೆ ಯಾವ ದೇಶವಾದರೂ ಆಹಾರ ಸುರಕ್ಷತೆಗೆ ತನ್ನದೇ ಮಿತಿ ಹಾಕಬಹುದು. ಅದನ್ನು ಪಾಲಿಸುವ ಖರ್ಚು ಮಾತ್ರ ಬೆಳೆಗಾರ, ರಫ್ತುದಾರರ ಮೇಲೆ. ಬಡ ದೇಶಗಳಿಗೆ ಇದೇ ದೊಡ್ಡ ಅಡ್ಡಿ.

ಮೆಣಸಿನಕಾಯಿಯಲ್ಲಿ ಮೊದಲು ಎದುರಾಗುವುದು ಅಫ್ಲಾಟಾಕ್ಸಿನ್, ಅಂದರೆ ಬೂಸ್ಟಿನಿಂದ ಹುಟ್ಟುವ ವಿಷ. ಯುರೋಪಿನ ಮಿತಿ ಕಿಲೋಗೆ, ಅದರ ಅತಿ ವಿಷಕಾರಿ ಬಗೆಯಾದ ಬಿ1 5 ಮೈಕ್ರೋಗ್ರಾಂ, ಎಲ್ಲ ಬಗೆ ಸೇರಿ ಒಟ್ಟು 10. ಟನ್ನಿಗೆ ಲೆಕ್ಕ ಹಾಕಿದರೆ ಬಿ1 ಬರೀ 5 ಮಿಲಿಗ್ರಾಂ! ಒಮ್ಮೆ ಸೇರಿತೆಂದರೆ ಬಿಸಿಲಿಗೂ ಹೋಗದು, ಹುರಿದರೂ ಪೂರ್ತಿ ಹೋಗದು. ಆದ್ದರಿಂದ ಕೆಲಸವೆಲ್ಲ ಕಣದಲ್ಲೇ ಮುಗಿಯಬೇಕು. ಹಸಿ ನೆಲದ ಮೇಲೆ ಹರಡಬೇಡಿ. ಸಿಮೆಂಟ್ ಕಣ ಅಥವಾ ತಾಡಪತ್ರಿ ಇರಲಿ. ತೆಳ್ಳಗೆ ಹರಡಿ ದಿನಕ್ಕೆ ಎರಡು ಮೂರು ಬಾರಿ ತಿರುವಿ. ಇಬ್ಬನಿ ಬೀಳುವ ಮೊದಲೇ, ಸಂಜೆ, ಗುಡ್ಡೆ ಮಾಡಿ ಮುಚ್ಚಿ. ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಆದರೂ ಕಿವಿಯನ್ನೇ ನಂಬಬೇಡಿ, ತೇವಾಂಶ ಮಾಪಕದಲ್ಲಿ ನೋಡಿ: ಶೇ 11 ದಾಟಬಾರದು. ಒಡೆದ, ಬಿಳಿಚಿದ, ಹುಳ ಕೊರೆದ ಕಾಯಿಗಳನ್ನು ಬೇರೆ ಮಾಡಿ.

ಕಾಯಿ ಪುಡಿಯಾಗದಿರಲಿ, ತೂಕ ಬರಲಿ ಎಂದು ಮಾರುವ ಮುನ್ನ ನೀರು ಚಿಮುಕಿಸುವ ಅಭ್ಯಾಸವೇ ಹೆಚ್ಚಿನ ಹಾಳಿಗೆ ಮೂಲ. ಹಾಗೆ ನೀರು ಕಂಡ ಮಾಲನ್ನು ರಫ್ತಿಗೆ ಕೊಳ್ಳಲೇಬೇಡಿ. ನಾಲ್ಕೂರಿನ ಮಾಲು ಬೆರೆತರೆ ತಪ್ಪು ಎಲ್ಲಿಯದೆಂದು ಪತ್ತೆಯಾಗದು. ಒಬ್ಬೊಬ್ಬ ರೈತನ ಚೀಲಕ್ಕೂ ಬೇರೆ ಲಾಟ್ ಸಂಖ್ಯೆ ಹಾಕಿ.

ಎರಡನೆಯದು ಕೀಟನಾಶಕ. ಯುರೋಪ್ ಪ್ರತ್ಯೇಕ ಮಿತಿ ಕೊಡದ ಔಷಧಿಗೆ ಕಿಲೋಗೆ 0.01 ಮಿಲಿಗ್ರಾಂ ಲೆಕ್ಕ. ಒಣಗಿದಾಗ ನೀರು ಹೋಗಿ ಶೇಷಾಂಶ ಗಾಢವಾಗುತ್ತದೆ. ಹೊಡೆದ ಔಷಧಿ, ಪ್ರಮಾಣ, ದಿನಾಂಕ, ಕೊಯ್ಲಿನ ದಿನ ಇಷ್ಟನ್ನೂ ರೈತನಿಂದ ಬರೆಸಿಕೊಳ್ಳಿ. ಸೂಕ್ಷ್ಮಾಣು ಕೊಲ್ಲಲು ಎಥಿಲೀನ್ ಆಕ್ಸೈಡ್ ಬಳಸುವುದನ್ನು ಅಮೆರಿಕ ಒಪ್ಪುತ್ತದೆ, ಯುರೋಪ್ ಒಪ್ಪದು. ಅಲ್ಲಿಗಾದರೆ ಹಬೆ ಸಂಸ್ಕರಣೆ ಮಾಡಿಸಿ.

ಕಾಗದಪತ್ರ ಅಷ್ಟು ಕಷ್ಟವಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಐಇಸಿ ಎಂಬ ಆಮದು-ರಫ್ತು ಸಂಕೇತ ಸಂಖ್ಯೆ (ಶುಲ್ಕ 500 ರೂಪಾಯಿ), ಸ್ಪೈಸಸ್ ಬೋರ್ಡ್ ನೋಂದಣಿ, ಬಂದರಿನ ಕಸ್ಟಮ್ಸ್‌ನಲ್ಲಿ ಬ್ಯಾಂಕಿನ ಎಡಿ ಕೋಡ್ (ವಿದೇಶಿ ಹಣದ ವ್ಯವಹಾರಕ್ಕೆ ಅಧಿಕೃತವಾದ ಬ್ಯಾಂಕ್ ಶಾಖೆಯ ಸಂಖ್ಯೆ) ನೋಂದಣಿ, ತೆರಿಗೆ ಕಟ್ಟದೆ ಕಳಿಸಲು ಜಿಎಸ್‌ಟಿಯ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ. ಐಇಸಿ ವಿವರವನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ದೃಢೀಕರಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ.

ಲ್ಯಾಬಿಗೆ ಒಂದೇ ಚೀಲದ ಮಾದರಿ ಕಳಿಸಬೇಡಿ. ವಿಷ ಎಲ್ಲ ಕಾಯಿಗಳಲ್ಲಿ ಸಮನಾಗಿ ಇರುವುದಿಲ್ಲ, ಕೆಲವುಗಳಲ್ಲೇ ಅಡಗಿರುತ್ತದೆ. ಹಲವು ಚೀಲಗಳ ಮೇಲು, ನಡು, ತಳದಿಂದ ತೆಗೆದು, ಪುಡಿಮಾಡಿ ಬೆರೆಸಿ ಕೊಡಿ. ಕಂಟೇನರ್‌ನಲ್ಲಿ ತೇವ ಹೀರುವ ಚೀಲ ತೂಗುಹಾಕಿ, ಹಲಗೆಯ ಪ್ಯಾಲೆಟ್ ಇದ್ದರೆ ಮರದಲ್ಲಿನ ಕೀಟ ಕೊಲ್ಲಲು ಸಂಸ್ಕರಿಸಿದ್ದಕ್ಕೆ ಗುರುತಾದ ಐಎಸ್‌ಪಿಎಂ 15 ಮುದ್ರೆ ನೋಡಿ. ಮಾಲು ಅಲ್ಲಿ ತಿರಸ್ಕೃತವಾದರೆ ವಾಪಸ್ ತರುವ ಅಥವಾ ನಾಶಪಡಿಸುವ ಖರ್ಚು ಯಾರದು, ಯಾವ ಲ್ಯಾಬಿನ ವರದಿ ಅಂತಿಮ ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಂಡು ನಂತರ ಲೋಡ್ ಮಾಡಿ.