ಊರಿನ ವತನಿ ಕಾಗದಗಳಲ್ಲಿ ಆದಿಲಶಾಹಿ ಕಾಲವನ್ನು ಓದುವ ಬಗೆ

ವಿಜಯಪುರ ಸೀಮೆಯಲ್ಲಿ ಆದಿಲಶಾಹಿ ಕಾಲದ ಮಾತು ಬಂದರೆ ಅದು ಗೋಳಗುಮ್ಮಟ, ಇಬ್ರಾಹಿಂ ರೋಜಾ ಮತ್ತು ಮಲಿಕ್-ಎ-ಮೈದಾನ ತೋಪಿನ ಸುತ್ತಲೇ ಸುತ್ತಿ ಮುಗಿದುಹೋಗುತ್ತದೆ. ಆ ಗುಮ್ಮಟಕ್ಕೆ ಗಾರೆ ಅರೆದವರು ಉಂಡ ಜೋಳ ಯಾವ ಹೊಲದಿಂದ ಬಂತು, ಆ ಜೋಳವನ್ನು ಅಳೆದು ಒಯ್ದವರು ಯಾರು, ಕೊಡಲೊಲ್ಲೆನೆಂದು ಒಕ್ಕಲಿಗ ಹಟ ಹಿಡಿದಾಗ ಏನಾಯಿತು ಎಂಬ ಪ್ರಶ್ನೆಗಳಿಗೆ ಕಲ್ಲಿನ ಕಟ್ಟಡ ಉತ್ತರ ಕೊಡುವುದಿಲ್ಲ. ಅವುಗಳಿಗೆ ಉತ್ತರ ಸಿಗುವುದು ಹಳ್ಳಿಯ ವತನಿ ಕಾಗದಗಳಲ್ಲಿ, ಹೊಲದ ಹೆಸರುಗಳಲ್ಲಿ ಮತ್ತು ಹಿರಿಯರ ನೆನಪಿನಲ್ಲಿ. ಅವನ್ನು ಹುಡುಕಿ ಓದುವ ಕ್ರಮವನ್ನು ಇಲ್ಲಿ ಹೇಳಿದ್ದೇನೆ. ಆರಂಭಿಸುವುದಕ್ಕೆ ಫಾರಸಿ ಅಥವಾ ಮೋಡಿ ಲಿಪಿಯ ಜ್ಞಾನ ಬೇಕಿಲ್ಲ.

ಮೊದಲು ಒಂದೇ ಒಂದು ಊರನ್ನು ಆರಿಸಿಕೊಳ್ಳಬೇಕು. ಇಡೀ ತಾಲೂಕನ್ನು ಕೈಗೆತ್ತಿಕೊಂಡವರು ಅರ್ಧಕ್ಕೇ ಕೈಬಿಟ್ಟದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಆ ಊರಿನ ಗ್ರಾಮ ನಕಾಶೆಯನ್ನೂ ಹಳೆಯ ಆಕಾರಬಂದನ್ನೂ (ಹೊಲಗಳ ವಿಸ್ತೀರ್ಣ, ಕಂದಾಯಗಳ ಪಟ್ಟಿ) ಭೂದಾಖಲೆಗಳ ಕಚೇರಿಯಲ್ಲಿ ಅರ್ಜಿ ಕೊಟ್ಟು ನಕಲು ಪಡೆಯಿರಿ. ನಕಾಶೆಯಲ್ಲಿ ಬರೀ ಸರ್ವೆ ನಂಬರುಗಳಿರುತ್ತವೆ, ಆದರೆ ಊರವರ ಬಾಯಲ್ಲಿ ಆ ಹೊಲಗಳಿಗೆ ಗೌಡಕಿ, ಕುಲಕರ್ಣಕಿ, ತಳವಾರಕಿ, ವಾಲೀಕಾರಕಿ ಎಂಬ ಹೆಸರುಗಳು ಇಂದಿಗೂ ಉಳಿದಿರುತ್ತವೆ. ಒಂದೊಂದು ಹೆಸರೂ ಒಂದೊಂದು ಚಾಕರಿಯ ಗುರುತು. ಆ ಹೊಲವನ್ನು ಉಣ್ಣುವ ಮನೆತನವು ಪ್ರತಿಯಾಗಿ ಊರಿಗೋ ಸರ್ಕಾರಕ್ಕೋ ನಿಗದಿಯಾದ ಕೆಲಸವನ್ನು ತಲೆಮಾರಿನಿಂದ ತಲೆಮಾರಿಗೆ ಮಾಡಬೇಕಾಗಿತ್ತು. ಆ ಹಕ್ಕಿಗೂ ಹೊಣೆಗೂ ಕೂಡಿ ವತನ ಎಂದು ಹೆಸರು. ನಕಾಶೆಯ ಮೇಲೆ ಈ ಹೊಲಗಳಿಗೆ ಬೇರೆ ಬೇರೆ ಬಣ್ಣ ತುಂಬಿ ನೋಡಿದರೆ, ಕೆರೆಯ ಕೆಳಗಿನ ಎರಿ ಭೂಮಿ ಯಾರಿಗೆ ಸಂದಿತ್ತು, ಗುಡ್ಡದಂಚಿನ ಮಡ್ಡಿ ಯಾರ ಪಾಲಿಗೆ ಬಂದಿತ್ತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಊರಿನ ಶ್ರೇಣಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ದಾಖಲೆ ನನಗೆ ಇನ್ನೂ ಸಿಕ್ಕಿಲ್ಲ.

ಅಡ್ಡಹೆಸರುಗಳನ್ನೂ ಪಟ್ಟಿ ಮಾಡಿರಿ. ದೇಸಾಯಿ, ನಾಡಗೌಡ, ದೇಶಪಾಂಡೆ ಎಂಬವು ಹಲವು ಹಳ್ಳಿಗಳ ಮೇಲಿನ ಅಧಿಕಾರದ ಹೆಸರುಗಳು. ಪಾಟೀಲ, ಕುಲಕರ್ಣಿ ಎಂಬವು ಒಂದೊಂದು ಊರಿನವು. ಮೊಕಾಶಿ, ಇನಾಮದಾರ, ಜಹಗೀರದಾರ ಎಂಬವು ಸುಲ್ತಾನನಿಂದ ಊರಿನ ಉತ್ಪನ್ನವನ್ನು ಬರೆಸಿಕೊಂಡವರ ನೆನಪು. ಬಡಿಗೇರ, ಕಮ್ಮಾರ, ಹಡಪದ, ಹೂಗಾರ, ಮುಜಾವರ ಎಂಬವು ಊರಿನ ಆಯಗಾರರ (ಊರ ಕೆಲಸಕ್ಕೆ ಪ್ರತಿಯಾಗಿ ಕಣದ ಕಾಳಿನಲ್ಲಿ ಆಯ ಎಂಬ ಪಾಲು ಪಡೆಯುವವರ) ಮತ್ತು ದೇವಸ್ಥಾನ, ದರ್ಗಾಗಳ ಸೇವೆಯವರ ಹೆಸರುಗಳು. ಒಂದು ಎಚ್ಚರ ಬೇಕು: ಹೆಸರು ಹುದ್ದೆಯನ್ನು ತೋರಿಸುತ್ತದೆಯೇ ಹೊರತು ರಕ್ತಸಂಬಂಧವನ್ನಲ್ಲ. ವತನಗಳು ಮಾರಾಟವಾಗಿವೆ, ದತ್ತಕಕ್ಕೆ ಹೋಗಿವೆ, ದಂಡಕ್ಕೆ ಬಿಟ್ಟುಹೋಗಿವೆ.

ಇನ್ನು ಕಾಗದಗಳ ಮಾತು. ಈ ಸೀಮೆಯು 1686ರವರೆಗೆ ಆದಿಲಶಾಹಿಗಳ ಕೈಯಲ್ಲಿದ್ದು, ಆಮೇಲೆ ಮೊಗಲರಿಗೂ ನಿಜಾಮನಿಗೂ, 1760ರಲ್ಲಿ ಪೇಶ್ವೆಗಳಿಗೂ ಹೋಯಿತು. ಪೇಶ್ವೆಗಳು ಬಿದ್ದ ಮೇಲೆ ಸಾತಾರೆಯ ಅರಸರ ಕೈಸೇರಿ, 1848ರಲ್ಲಿ ಕಂಪನಿ ಸರ್ಕಾರದ ವಶವಾಯಿತು. ಹೀಗಾಗಿ ಒಂದೇ ಮನೆಯ ಪೆಟ್ಟಿಗೆಯಲ್ಲಿ ಫಾರಸಿ ಫರ್ಮಾನು, ಮೋಡಿಯ ಮರಾಠಿ ಪತ್ರ, ಕನ್ನಡದ ಒಪ್ಪಂದ ಒಟ್ಟಿಗೇ ಸಿಗುವುದುಂಟು. ಮನೆಯಲ್ಲಿ ಏನೂ ಇಲ್ಲವಾದರೆ ಪುಣೆಯ ಅಭಿಲೇಖಾಲಯದ ಪೇಶ್ವೆ ದಫ್ತರದಲ್ಲಿ ಊರಿನ ಹೆಸರಿನಿಂದ ಹುಡುಕಬೇಕಾಗುತ್ತದೆ. ಕಾಗದವನ್ನು ಬಿಡಿಸುವಾಗ ಅಂಟು, ಪ್ಲಾಸ್ಟಿಕ್ ಹಾಳೆ, ಇಸ್ತ್ರಿ ಯಾವುದನ್ನೂ ಮುಟ್ಟಿಸದೆ, ಕಿಟಕಿಯ ಬೆಳಕಿನಲ್ಲಿ ಎರಡೂ ಬದಿಯ ಚಿತ್ರ ತೆಗೆದುಕೊಂಡು ಮೂಲವನ್ನು ಮನೆಯವರಿಗೇ ಮರಳಿಸಿರಿ. ಹಿಂಬದಿಯನ್ನು ಮರೆಯುವವರೇ ಹೆಚ್ಚು, ಆದರೆ ದಫ್ತರದ ಶಿಕ್ಕೆಗಳು ಇರುವುದು ಅಲ್ಲಿಯೇ.

ತಾರೀಖು ಬಿಡಿಸುವುದೇ ಎಲ್ಲಕ್ಕಿಂತ ತೊಡಕಿನ ಕೆಲಸ. ಆ ಕಾಲದ ಪತ್ರಗಳಲ್ಲಿ ವರ್ಷವನ್ನು ಅಂಕಿಯಲ್ಲಿ ಬರೆಯದೆ ಅರಬ್ಬಿ ಸಂಖ್ಯಾಪದಗಳಲ್ಲಿ, ಬಿಡಿಸ್ಥಾನ ಮೊದಲು ಬರುವಂತೆ ಬರೆಯುತ್ತಿದ್ದರು. ‘ಸುಹೂರ ಸನ ಸಬಾ ಖಮಸೈನ ಅಲಫ’ ಎಂದಿದ್ದರೆ ಸಬಾ ಎಂದರೆ 7, ಖಮಸೈನ ಎಂದರೆ 50, ಅಲಫ ಎಂದರೆ 1000, ಒಟ್ಟು 1057. ಸುಹೂರ ಸನವು ಸೂರ್ಯನು ಮೃಗಶಿರ ನಕ್ಷತ್ರಕ್ಕೆ ಬಂದಾಗ, ಅಂದರೆ ನಮ್ಮ ರೈತರು ಮಿರಗ ಎನ್ನುವ ಮಳೆಯ ಹೊತ್ತಿಗೆ ಆರಂಭವಾಗುವ ಬೇಸಾಯದ ವರ್ಷ. ಅದಕ್ಕೆ ಮಿರಗದಿಂದ ಡಿಸೆಂಬರ್‌ವರೆಗಿನ ತಿಂಗಳುಗಳಿಗಾದರೆ 599ನ್ನೂ, ಜನವರಿಯಿಂದ ಮುಂದಿನ ಮಿರಗದವರೆಗಾದರೆ 600ನ್ನೂ ಕೂಡಿಸಬೇಕು. ಹಾಗೆ ಮಾಡಿದರೆ ಮೇಲಿನ ಪತ್ರವು 1656-57ರದ್ದು, ಅಂದರೆ ಮಹಮ್ಮದ ಆದಿಲಶಾಹ ತೀರಿಕೊಂಡು ಗೋಳಗುಮ್ಮಟದೊಳಗೆ ಮಣ್ಣಾದ ವರ್ಷದ್ದು. ನಾನು ಮೊದಮೊದಲು ಇಂಥದೇ ಒಂದು 1057ನ್ನು ಹಿಜರಿ ಎಂದು ತಿಳಿದು 1647 ಎಂದು ಬರೆದು, ಊರ ಹಿರಿಯರೆದುರು ಓದಿಯೂಬಿಟ್ಟಿದ್ದೆ. ಪತ್ರದಲ್ಲಿ ಹೆಸರು ಬಂದಿದ್ದ ಹವಾಲ್ದಾರನು (ಆಗಿನ ಆಡಳಿತಾಧಿಕಾರಿ) ಆ ವರ್ಷ ಅಲ್ಲಿಗೆ ಬಂದೇ ಇರಲಿಲ್ಲವೆಂದು ಮತ್ತೊಂದು ಕಾಗದ ಹೇಳಿದಾಗಲೇ ಒಂಬತ್ತು ವರ್ಷದ ತಪ್ಪು ಗೊತ್ತಾದದ್ದು. ಫಸಲಿ ಸನವಿದ್ದರೆ (ಇದೂ ಬೆಳೆ-ಕಂದಾಯದ ವರ್ಷವೇ) ಹೀಗೆಯೇ ಡಿಸೆಂಬರ್‌ವರೆಗೆ 590ನ್ನೂ, ಜನವರಿಯಿಂದ ಮುಂದೆ 591ನ್ನೂ ಕೂಡಿಸಿರಿ. ಹಿಜರಿಯು ಚಾಂದ್ರಮಾನವಾದ್ದರಿಂದ ಅದಕ್ಕೆ ಕೋಷ್ಟಕವನ್ನೇ ನೋಡಬೇಕು.

ತಾರೀಖು ಕೂಡಿದ ಮೇಲೆ ಪತ್ರದ ಒಕ್ಕಣೆಗೆ ಬರಬಹುದು. ಇನಾಮು ಪತ್ರದಲ್ಲಿ ಎಲ್ಲರ ಕಣ್ಣು ಹೋಗುವುದು ಕೊಟ್ಟವನ ಬಿರುದಿಗೆ ಮತ್ತು ಪಡೆದವನ ಹೆಸರಿಗೆ. ಅವೆರಡನ್ನೂ ಬದಿಗಿಟ್ಟು ವಿನಾಯಿತಿಯ ಪಟ್ಟಿಯನ್ನು ಓದಿರಿ. ‘ಜಲ, ತರು, ತೃಣ, ಕಾಷ್ಠ, ಪಾಷಾಣ, ನಿಧಿ, ನಿಕ್ಷೇಪ ಸಹಿತ’ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಅದರ ಅಕ್ಕಪಕ್ಕದಲ್ಲಿ ಈಗಿನ ಪಟ್ಟಿ (ಅಂದರೆ ತೆರಿಗೆ), ಮುಂದೆ ಬರುವ ಪಟ್ಟಿ, ಬಿಟ್ಟಿ ಬೇಗಾರಿ ಎಲ್ಲವೂ ಮಾಫಿ ಎಂದು ಬರೆದಿರುತ್ತದೆ. ಇನಾಮದಾರನಿಗೆ ಮಾಫಿಯಾದದ್ದೆಲ್ಲವೂ ಅವನ ನೆರೆಯ ಒಕ್ಕಲಿಗನ ಹೆಗಲ ಮೇಲಿದ್ದ ಭಾರ ಎಂದೇ ಅರ್ಥ. ಮುಂದೆ ಬರುವ ಪಟ್ಟಿಗಳನ್ನೂ ಮೊದಲೇ ಮಾಫಿ ಮಾಡಬೇಕಾಗಿತ್ತೆಂದರೆ, ಪಟ್ಟಿಗಳು ವರ್ಷವರ್ಷವೂ ಏರುತ್ತವೆಂಬುದು ಬರೆದವನಿಗೂ ಬರೆಸಿದವನಿಗೂ ತಿಳಿದೇ ಇತ್ತು. ಪತ್ರದ ಕೊನೆಯಲ್ಲಿ, ಇದಕ್ಕೆ ತಪ್ಪಿದವನು ಹಿಂದುವಾದರೆ ಗೋವಿನ ಆಣೆ, ಮುಸಲ್ಮಾನನಾದರೆ ಹಂದಿಯ ಆಣೆ ಎಂಬ ಒಕ್ಕಣೆಯೂ ಬರುವುದುಂಟು. ಅಧಿಕಾರಿಗಳು ಎರಡೂ ಧರ್ಮದವರಾಗಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಳ್ಳಿಯ ಲೆಕ್ಕ ಸ್ಥಳೀಯರ ಕೈಗೆ ಬಂದದ್ದಕ್ಕೆ ಆಸ್ಥಾನದ ಜಗಳವೂ ಕಾರಣವಾಗಿತ್ತು: 1ನೇ ಇಬ್ರಾಹಿಂ ಆದಿಲಶಾಹನು ಹೊರದೇಶದಿಂದ ಬಂದ ಅಮೀರರನ್ನು ತಗ್ಗಿಸಿ ದಖನಿಗಳನ್ನು ಮೇಲೆತ್ತಿದನೆಂದೂ, ಕಂದಾಯದ ಲೆಕ್ಕವನ್ನು ಫಾರಸಿಯಿಂದ ಬಿಡಿಸಿ ಬ್ರಾಹ್ಮಣ ಲೆಕ್ಕಿಗರಿಗೆ ಒಪ್ಪಿಸಿದನೆಂದೂ ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಮಹಮ್ಮದ ಆದಿಲಶಾಹನ ಕಾಲಕ್ಕೆ ಹಬಸಿ (ಆಫ್ರಿಕಾದ ಅಬಿಸೀನಿಯಾ) ಮೂಲದ ಇಖ್ಲಾಸ್ ಖಾನನು ವಜೀರನಾಗುವಷ್ಟು ಮೇಲಕ್ಕೆ ಏರಿದ್ದನು. ಆಸ್ಥಾನದ ಏಣಿ ಹೀಗೆ ಅಲುಗಾಡುತ್ತಿದ್ದರೂ ಊರಿನ ಏಣಿ ಮಾತ್ರ ಹೆಚ್ಚು ಕದಲಲಿಲ್ಲ.

ಆ ಊರಿನ ಏಣಿಯನ್ನು ಹತ್ತಿರದಿಂದ ನೋಡಬೇಕೆಂದರೆ ಮಹಜರು ಎಂಬ ಬಗೆಯ ಪತ್ರ ಹುಡುಕಿರಿ. ಗೌಡಕಿಯ ವ್ಯಾಜ್ಯ ಹರಿದ ಮೇಲೆ ಸಭೆ ಸೇರಿದವರೆಲ್ಲ ಅದಕ್ಕೆ ತಮ್ಮ ಗುರುತು ಹಾಕುತ್ತಿದ್ದರು. ಅಕ್ಷರ ಬಲ್ಲ ಕುಲಕರ್ಣಿ ಹೆಸರು ಬರೆದರೆ, ಗೌಡನ ಗುರುತಾಗಿ ನೇಗಿಲು, ಕ್ಷೌರಿಕನ ಗುರುತಾಗಿ ಕನ್ನಡಿ, ಹೀಗೆ ಕಸುಬಿನ ಚಿತ್ರಗಳನ್ನು ಮಸಿಯಲ್ಲಿ ಬಿಡಿಸುತ್ತಿದ್ದರು. ಯಾರ ಗುರುತು ಯಾರ ಕೆಳಗಿದೆ, ಯಾವ ಕೇರಿಯವರ ಗುರುತು ಕೊನೆಯಲ್ಲಿದೆ, ಹೆಂಗಸರದು ಒಂದಾದರೂ ಇದೆಯೇ ಎಂದು ಎಣಿಸಿ ಬರೆದುಕೊಳ್ಳಿರಿ. ಹಾಗೆಯೇ ಹಿರಿಯರನ್ನು ಕೇಳುವಾಗ ‘ಜಾತಿ ಪದ್ಧತಿ ಹೇಗಿತ್ತು’ ಎಂದು ಕೇಳಬೇಡಿರಿ, ಎಲ್ಲರೂ ಚೆನ್ನಾಗಿದ್ದೆವೆಂದೇ ಹೇಳುತ್ತಾರೆ. ‘ಕಣದಾಗ ರಾಶಿ ಆದಮ್ಯಾಲ ಆಯ ಮೊದಲ ಯಾರಿಗಿ, ಕಡೀಕ ಯಾರಿಗಿ ಕೊಡತಿದ್ರಿ ಅಜ್ಜಾ?’ ಎಂದು ಕೇಳಿರಿ. ಯಾರು ಕಣದೊಳಗೆ ಬರುತ್ತಿದ್ದರು, ಯಾರು ಕಣದಂಚಿನಲ್ಲಿ ಸೆರಗೊಡ್ಡಿ ನಿಲ್ಲುತ್ತಿದ್ದರು ಎಂಬುದು ತಾನಾಗಿಯೇ ಹೊರಬರುತ್ತದೆ. ಇದೇ ಪ್ರಶ್ನೆಯನ್ನು ದಲಿತ ಕೇರಿಯಲ್ಲೂ ತಪ್ಪದೆ ಕೇಳಬೇಕು, ಏಕೆಂದರೆ ಕಾಗದದಲ್ಲಿ ಹಕ್ಕೆಂದು ಬರೆದದ್ದು ಅವರ ಪಾಲಿಗೆ ಹಗಲಿರುಳಿನ ಬಿಟ್ಟಿಯಾಗಿತ್ತು; 1928ರಲ್ಲಿ ಅಂಬೇಡ್ಕರರು ಮುಂಬಯಿ ಶಾಸನಸಭೆಯಲ್ಲಿ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದದ್ದು ಈ ಕಾರಣಕ್ಕೇ. ಬೀಸುಕಲ್ಲಿನ ಪದ ಬಲ್ಲ ಅಜ್ಜಿಯರು ಸಿಕ್ಕರೆ ಅವನ್ನೂ ಧ್ವನಿಮುದ್ರಿಸಿರಿ. ಬೀಸುವ ಹೆಂಗಸರ ಬಾಯಲ್ಲಿ ಹಾಡು ನಿಲ್ಲುತ್ತದೆಂದು ಅರಿತೇ ವಿಜಯಪುರದ ಸೂಫಿಗಳ ಪರಂಪರೆಯಲ್ಲಿ ದಖನಿ ಭಾಷೆಯ ಚಕ್ಕಿನಾಮಾಗಳು, ಅಂದರೆ ಬೀಸುಕಲ್ಲಿನ ಹಾಡುಗಳು, ಹುಟ್ಟಿದವು.

ಪ್ರತಿಭಟನೆಯನ್ನು ಹುಡುಕುವಾಗ ಹೆಚ್ಚಿನವರು ಕತ್ತಿ ಹಿಡಿದವರನ್ನೇ ಹುಡುಕುತ್ತಾರೆ. ಅಂಥವರೂ ಇದ್ದರು: 1705ರಲ್ಲಿ ಸುರಪುರದ ಬೇಡರ ಪಿಡ್ಡ ನಾಯಕನನ್ನು ಮಣಿಸಲು ಮುದಿ ಔರಂಗಜೇಬನೇ ವಾಗಿನಗೇರಿಗೆ ಮುತ್ತಿಗೆ ಹಾಕಬೇಕಾಯಿತು; ಕೋಟೆ ಬಿದ್ದರೂ ನಾಯಕ ಕೈಗೆ ಸಿಗಲಿಲ್ಲ. ಆದರೆ ಒಕ್ಕಲಿಗನ ಕೈಯಲ್ಲಿದ್ದ ಆಯುಧ ಬೇರೆಯದು. ಅದು ಊರು ಬಿಡುವುದು. ಆಗ ಭೂಮಿ ಬೇಕಾದಷ್ಟಿತ್ತು, ಉಳುವ ಕೈಗಳು ಕಡಿಮೆಯಿದ್ದವು. ಮೊಕಾಶಿಯ ಕಾಟ ಮಿತಿಮೀರಿದರೆ ರಾತ್ರೋರಾತ್ರಿ ಎತ್ತು, ಬೀಜ, ಮಕ್ಕಳೊಂದಿಗೆ ಪಕ್ಕದ ಪರಗಣೆಗೆ ಹೋದವರನ್ನು ಅಲ್ಲಿಯ ದೇಸಾಯಿ ಸಂತೋಷದಿಂದಲೇ ನಿಲ್ಲಿಸಿಕೊಳ್ಳುತ್ತಿದ್ದನು. 1630ರ ಆಚೀಚೆಯ ಭೀಕರ ಬರದಲ್ಲೂ, 1685-86ರ ಮೊಗಲ ಮುತ್ತಿಗೆಯಲ್ಲೂ ಊರುಗಳು ಖಾಲಿಯಾದವು. ಹಾಗೆ ಹೋದವರನ್ನು ಮರಳಿ ಕರೆಯಲು ಸರ್ಕಾರ ಬರೆದುಕೊಡುತ್ತಿದ್ದ ಅಭಯಪತ್ರವೇ ಕೌಲು. ಮೊದಲ ವರ್ಷ ಅತಿ ಕಡಿಮೆ ಕಂದಾಯ, ಎರಡನೆಯ ವರ್ಷ ಸ್ವಲ್ಪ ಹೆಚ್ಚು, ಹೀಗೆ ಕೆಲವು ವರ್ಷಗಳಲ್ಲಿ ಪೂರ್ತಿ ದರಕ್ಕೆ ಏರುವ ಏರ್ಪಾಡು ಅದರಲ್ಲಿರುತ್ತಿತ್ತು. ಅದನ್ನು ಇಸ್ತಾವಾ ಎನ್ನುತ್ತಿದ್ದರು. ಆದ್ದರಿಂದ ಕೌಲು ಕಂಡಾಗ ಅದನ್ನು ಅರಸನ ಔದಾರ್ಯವೆಂದು ಓದದೆ, ಅದರ ಹಿಂದೆ ಹೋಗಿಬಿಟ್ಟ ಒಕ್ಕಲು ಎಷ್ಟು, ಯಾವ ಪಟ್ಟಿ ಬಿಟ್ಟುಕೊಟ್ಟ ಮೇಲೆ ಅವರು ಮರಳಲು ಒಪ್ಪಿದರು ಎಂದು ಕೇಳಬೇಕು. ವತನದ ವ್ಯಾಜ್ಯಗಳಲ್ಲಿ ಕೊಟ್ಟ ಕರೀನಾಗಳನ್ನೂ (ತಮ್ಮ ಹಕ್ಕಿನ ಹಿನ್ನೆಲೆ ಹೇಳುವ ಬರಹದ ಹೇಳಿಕೆಗಳನ್ನೂ) ಹೀಗೆಯೇ ಓದಬೇಕು. ಪ್ರತಿ ಮನೆತನವೂ ಅದರಲ್ಲಿ ‘ನಮ್ಮ ಹಿರಿಯರೇ ಹಾಳೂರನ್ನು ನೆಲೆಗೊಳಿಸಿದರು’ ಎನ್ನುತ್ತದೆ. ಆ ಊರು ಹಾಳಾದದ್ದು ಏಕೆಂಬ ಮಾತು ಎಲ್ಲೋ ಒಂದು ಅರ್ಧ ಸಾಲಿನಲ್ಲಿ ಜಾರಿಬಿದ್ದಿರುತ್ತದೆ.

ಮರಳಿ ಬಾರದವರ ಕುರುಹೂ ಇದೆ. ಕಂದಾಯ ದಾಖಲೆಗಳಲ್ಲಿ ಕೆಲವು ಗ್ರಾಮಗಳ ಮುಂದೆ ಬೇಚರಾಕ್ ಎಂದು ಬರೆದಿರುವುದನ್ನು ಕಾಣಬಹುದು. ದೀಪವಿಲ್ಲದ್ದು ಎಂಬರ್ಥದ ಫಾರಸಿಯ ಬೇಚಿರಾಗ್ ನಮ್ಮ ಕಚೇರಿಗಳಲ್ಲಿ ಹೀಗೆ ಸವೆದು ಉಳಿದಿದೆ. ಅಂಥ ಗ್ರಾಮವೊಂದು ನಿಮ್ಮೂರಿನ ಸೀಮೆಗೆ ಹೊಂದಿದ್ದರೆ ಬೇಸಿಗೆಯ ಮಾಗಿ ಹೊಡೆದ ಮೇಲೆ ಅಲ್ಲಿಗೆ ಹೋಗಿರಿ. ನೇಗಿಲ ಸಾಲಿನಲ್ಲಿ ಬೋಕಿ, ಬೂದಿಮಣ್ಣು, ಬೀಸುಕಲ್ಲಿನ ತುಂಡು ಸಿಗುತ್ತವೆ. ಮನೆಗಳೆಲ್ಲ ಮಣ್ಣಾದರೂ ಹಣಮಪ್ಪನ ಗುಡಿಯೊಂದು ಹೊಲದ ನಡುವೆ ನಿಂತಿರುತ್ತದೆ. ಯಾವ ಊರಿನ, ಯಾವ ಮನೆಯವರು ವರ್ಷಕ್ಕೊಮ್ಮೆ ಎಡೆ ಹಿಡಿದುಕೊಂಡು ಅಲ್ಲಿಗೆ ಬರುತ್ತಾರೆಂದು ಹೊಲದವರನ್ನು ವಿಚಾರಿಸಿರಿ. ಊರಿನ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿರುವುದರಿಂದ, ಆಮೇಲೆ ಸುತ್ತಲಿನ ಹತ್ತು-ಹನ್ನೆರಡು ಊರುಗಳ ಮತದಾರರ ಪಟ್ಟಿಯನ್ನು ತೆಗೆದುಕೊಂಡು ಆ ಹಾಳೂರಿನ ಹೆಸರನ್ನು ಅಡ್ಡಹೆಸರುಗಳ ಸಾಲಿನಲ್ಲಿ ಹುಡುಕುತ್ತ ಹೋಗಿರಿ.