ಮಕ್ಕಳ ಮೈಕಟ್ಟು ಅಳೆಯುವುದು ಹೇಗೆ: ದಾವಣಗೆರೆಯ ಪಿಟಿ ಮೇಷ್ಟ್ರೊಬ್ಬರ ಟಿಪ್ಪಣಿ

ಶಾಲೆ ಶುರುವಾದರೆ ಸಾಕು, ನಮ್ಮ ದಾವಣಗೆರೆಯಲ್ಲಿ ಕಬಡ್ಡಿ, ಖೋ ಖೋ, ಕುಸ್ತಿಗೆ ಹುಡುಗರನ್ನು ಆರಿಸುವ ಗಡಿಬಿಡಿ. ಸಾಲಾಗಿ ನಿಲ್ಲಿಸಿ ಕಣ್ಣಲ್ಲೇ ಅಳೆದುಬಿಡುತ್ತೇವೆ. ‘ನೀನು ದಡೂತಿ, ಗುಂಡು ಎಸಿ. ನೀನು ಸಣಕಲ, ಓಡು.’ ಹನ್ನೆರಡು ವರ್ಷದ ಮಗುವಿನ ಹಣೆಬರಹ ಅಲ್ಲಿಗೆ ಮುಗೀತು. ನಾನು ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಿಟಿ ಹೇಳಿಕೊಡುತ್ತೇನೆ, ಸಂಜೆ ಗರಡಿಯಲ್ಲಿ ಇರುತ್ತೇನೆ. ಈ ಕಣ್ಣಳತೆ ಸಾಲದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಸರಿಯಾಗಿ ಅಳೆಯುವ ದಾರಿ ಇದೆ. ಆದರೆ ಆ ದಾರಿ ಹಾಕಿದವರ ಕಥೆ ಮೊದಲು ತಿಳಿದಿರಬೇಕು. ಅವರಿಂದ ಏನು ತಗೋಬೇಕು, ಏನು ಬಿಡಬೇಕು ಅಂತ ಗೊತ್ತಿಲ್ಲದೆ ಟೇಪು ಹಿಡಿಯಬಾರದು.

ಅವರ ಹೆಸರು ವಿಲಿಯಂ ಹರ್ಬರ್ಟ್ ಶೆಲ್ಡನ್. 1898ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಹುಟ್ಟಿದರು. ಷಿಕಾಗೋದಲ್ಲಿ ಮನಃಶಾಸ್ತ್ರದ ಡಾಕ್ಟರೇಟ್ ಪಡೆದು, ಆಮೇಲೆ ವೈದ್ಯಕೀಯವನ್ನೂ ಓದಿದರು. ಅವರಿಗಿಂತ ಮೊದಲು ಜರ್ಮನಿಯ ಕ್ರೆಶ್ಮರ್ 1921ರಲ್ಲೇ ಜನರನ್ನು ಮೈಕಟ್ಟಿನ ಮೇಲೆ ಗುಂಪು ಮಾಡಿದ್ದರು. ಶೆಲ್ಡನ್ ಗುಂಪು ಬಿಟ್ಟು ನಂಬರ್ ಹಿಡಿದರು. ಸುಮಾರು 4000 ಕಾಲೇಜು ಹುಡುಗರ ಫೋಟೋಗಳನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ನೋಡಿ, 1940ರಲ್ಲಿ ತಮ್ಮ ಲೆಕ್ಕ ಪ್ರಕಟಿಸಿದರು. ಪ್ರತಿಯೊಬ್ಬರಿಗೂ ಮೂರು ಅಂಕಿ, ಒಂದೊಂದೂ 1ರಿಂದ 7ರವರೆಗೆ. ಮೊದಲನೆಯದು ಎಂಡೋಮಾರ್ಫಿ, ಅಂದರೆ ದುಂಡು ಮೈ. ಎರಡನೆಯದು ಮೀಸೋಮಾರ್ಫಿ, ಮೂಳೆ ಮತ್ತು ಸ್ನಾಯುವಿನ ಗಟ್ಟಿತನ. ಮೂರನೆಯದು ಎಕ್ಟೋಮಾರ್ಫಿ, ತೆಳ್ಳಗೆ ಉದ್ದಕ್ಕೆ ಇರುವುದು. 1-7-1 ಅಂದರೆ ಅಪ್ಪಟ ಪೈಲ್ವಾನನ ಮೈ. 4-4-4 ಅಂದರೆ ಮೂರೂ ಸಮ.

ಇಲ್ಲಿ ಒಂದು ಒಳ್ಳೆಯ ವಿಷಯ ಇದೆ, ಜಿಮ್‌ಗಳಲ್ಲಿ ಅದನ್ನೇ ಮರೆತಿದ್ದಾರೆ. ಯಾರೂ ಒಂದೇ ‘ಟೈಪ್’ ಅಲ್ಲ. ಎಲ್ಲರಲ್ಲೂ ಮೂರೂ ಇರುತ್ತವೆ, ಪ್ರಮಾಣ ಬೇರೆ ಅಷ್ಟೇ. ‘ನೀನು ಎಕ್ಟೋಮಾರ್ಫ್, ಈ ಡಬ್ಬಿ ಪೌಡರ್ ತಗೋ’ ಅಂತ ಯಾರಾದರೂ ಹೇಳಿದರೆ ಮಿಕ್ಕ ಎರಡು ಅಂಕಿ ಎಷ್ಟು ಅಂತ ಕೇಳಿ.

ಈಗ ಬಿಡಬೇಕಾದ್ದು. ಶೆಲ್ಡನ್ ಅಲ್ಲಿಗೇ ನಿಲ್ಲಲಿಲ್ಲ. ದುಂಡು ಮೈಯವರು ಊಟ, ಆರಾಮ ಬಯಸುವವರು, ಗಟ್ಟಿ ಮೈಯವರು ಮುನ್ನುಗ್ಗುವವರು, ತೆಳ್ಳಗಿನವರು ಒಳಗೊಳಗೇ ಇರುವವರು ಅಂತ 1942ರಲ್ಲಿ ಸ್ವಭಾವಕ್ಕೂ ಅಂಕಿ ಕೊಟ್ಟರು. ಮೈಗೂ ಸ್ವಭಾವಕ್ಕೂ 0.8ರಷ್ಟು ಹೊಂದಾಣಿಕೆ ಇದೆ (ಪೂರ್ತಿ ಹೊಂದಿದರೆ 1) ಅಂದರು. ಆದರೆ ಮೈ ನೋಡಿ ಅಂಕಿ ಹಾಕಿದವರೂ ಅವರೇ, ಸ್ವಭಾವ ನೋಡಿ ಅಂಕಿ ಹಾಕಿದವರೂ ಅವರೇ! ಮೊದಲೇ ಮನಸ್ಸಿನಲ್ಲಿದ್ದದ್ದು ಹಾಳೆ ಮೇಲೆ ಬಂದರೆ ಆಶ್ಚರ್ಯ ಏನು? 1949ರಲ್ಲಿ ಬಾಸ್ಟನ್ನಿನ 200 ಹುಡುಗರನ್ನು ನೋಡಿ, ಪುಂಡಾಟಕ್ಕೂ ಗಟ್ಟಿ ಮೈಗೂ ನಂಟು ಹಾಕಿದರು. ಗರಡಿ ಮೆಟ್ಟಿಲು ಹತ್ತಿದವರಿಗೆ ಇದು ನಿಲ್ಲದ ಮಾತು ಅಂತ ಗೊತ್ತು. ಕಲ್ಲಿನಂಥ ಭುಜದ ಹುಡುಗರು ಅಖಾಡದ ಮಣ್ಣಿಗೆ ಕೈ ಮುಗಿದು, ಚಿಕ್ಕವರಿಗೆ ದಾರಿ ಬಿಟ್ಟು ನಿಲ್ಲುವುದನ್ನು ದಿನಾ ನೋಡುತ್ತೇನೆ.

ಎಲ್ಲಕ್ಕೂ ದರ್ಜೆ ಕೊಡುವ ಹುಚ್ಚು ಶೆಲ್ಡನ್ನರಿಗೆ ಮೊದಲಿಂದಲೂ ಇತ್ತು. ಹಳೆಯ ಅಮೆರಿಕನ್ ಸೆಂಟ್ ನಾಣ್ಯಗಳಿಗೆ 1ರಿಂದ 70ರ ಅಳತೆ ಮಾಡಿದ್ದೂ ಅವರೇ. ನಾಣ್ಯ ಸಂಗ್ರಹಿಸುವವರು ಇವತ್ತಿಗೂ ಅದನ್ನೇ ಬಳಸುತ್ತಾರೆ. ನಾಣ್ಯಕ್ಕೆ ಅದು ಸರಿ. ಅದು ಬೆಳೆಯುವುದಿಲ್ಲ, ನಾಚಿಕೊಳ್ಳುವುದಿಲ್ಲ.

ಈಗ ಅಳತೆಗೆ ಬರೋಣ. ಬಾರ್ಬರಾ ಹೀತ್ ಮೊದಲು ಶೆಲ್ಡನ್ ಜೊತೆ ಕೆಲಸ ಮಾಡಿದ್ದವರು. ಆಮೇಲೆ ಶೆಲ್ಡನ್ನರಿಂದ ಬೇರೆಯಾಗಿ, ಲಿಂಡ್ಸೆ ಕಾರ್ಟರ್ ಜೊತೆ 1967ರಲ್ಲಿ ಅದೇ ಮೂರು ಅಂಕಿಗೆ ಹೊಸ ವಿಧಾನ ಕೊಟ್ಟರು. ಮೈಕಟ್ಟು ಜೀವನಪೂರ್ತಿ ಬದಲಾಗದು ಅನ್ನುತ್ತಿದ್ದರು ಶೆಲ್ಡನ್. ಹೀತ್ ಮತ್ತು ಕಾರ್ಟರ್, ಇವತ್ತಿನ ಮೈ ಇವತ್ತಿನದು, ನಾಳೆ ಬದಲಾಗಬಹುದು ಅಂದರು. ಬೆಳೆಯುವ ಮಕ್ಕಳಿಗೆ ಇದೇ ಸರಿ.

ಮೊದಲು ಮನೆಯವರ ಒಪ್ಪಿಗೆ ತಗೊಳ್ಳಿ. ಹೆಣ್ಣುಮಕ್ಕಳನ್ನು ಮೇಡಂ ಅವರೇ ಅಳೆಯಲಿ. ಚಡ್ಡಿ, ಬನಿಯನ್ ಅಥವಾ ಆಟದ ಬಟ್ಟೆ ಮೈಮೇಲೆ ಇರಲಿ. ಫೋಟೋ ಬೇಡವೇ ಬೇಡ. ಶೆಲ್ಡನ್ನರ ಕೆಲಸಕ್ಕಾಗಿ ಅಮೆರಿಕದ ದೊಡ್ಡ ದೊಡ್ಡ ಕಾಲೇಜುಗಳಲ್ಲಿ ಹುಡುಗ ಹುಡುಗಿಯರನ್ನು ಬಟ್ಟೆ ಬಿಚ್ಚಿಸಿ ಫೋಟೋ ತೆಗೆದಿದ್ದರು. ವಿಷಯ ಹೊರಗೆ ಬಂದಾಗ ದೊಡ್ಡ ಗಲಾಟೆಯಾಗಿ, ಎಷ್ಟೋ ಫೋಟೋಗಳನ್ನು ನಾಶ ಮಾಡಬೇಕಾಯಿತು. ಇನ್ನೊಂದು, ತೂಕವನ್ನು ಜೋರಾಗಿ ಕೂಗಬೇಡಿ. ಪಕ್ಕದವನಿಗೆ ಕೇಳಿಸಿದರೆ ವರ್ಷವಿಡೀ ಅದೇ ಅಡ್ಡಹೆಸರು.

ಬೆಳಿಗ್ಗೆ, ಪ್ರಾಕ್ಟೀಸಿಗೆ ಮುಂಚೆ ಅಳೆಯಿರಿ. ಸಂಜೆ ಹೊತ್ತಿಗೆ ಎತ್ತರ ಸ್ವಲ್ಪ ಇಳಿದಿರುತ್ತದೆ. ಬೆವರಿದ ಚರ್ಮ ಕ್ಯಾಲಿಪರ್‌ಗೆ (ಚರ್ಮದ ಮಡಿಕೆಯ ದಪ್ಪ ಅಳೆಯುವ ಇಕ್ಕಳದಂಥ ಸಾಧನ) ಸಿಗದೆ ಜಾರುತ್ತದೆ.

ಎಕ್ಟೋಮಾರ್ಫಿಗೆ ಎತ್ತರ, ತೂಕ ಎರಡೇ ಸಾಕು. ಎತ್ತರವನ್ನು ಸೆಂಟಿಮೀಟರಿನಲ್ಲಿ, ತೂಕವನ್ನು ಕೆಜಿಯಲ್ಲಿ ಬರೆದು, ಎತ್ತರವನ್ನು ತೂಕದ ಘನಮೂಲದಿಂದ ಭಾಗಿಸಿ. ಕೆಲವು ಮೊಬೈಲ್‌ಗಳಲ್ಲಿ ಕ್ಯಾಲ್ಕುಲೇಟರ್ ಅಡ್ಡ ಹಿಡಿದರೆ ಘನಮೂಲದ ಬಟನ್ ಸಿಗುತ್ತದೆ. ಉತ್ತರ 40.75 ಅಥವಾ ಜಾಸ್ತಿ ಬಂದರೆ 0.732ರಿಂದ ಗುಣಿಸಿ 28.58 ಕಳೆಯಿರಿ. 38.25ರಿಂದ 40.75ರ ನಡುವೆ ಇದ್ದರೆ 0.463ರಿಂದ ಗುಣಿಸಿ 17.63 ಕಳೆಯಿರಿ. 38.25 ಅಥವಾ ಕಡಿಮೆಯಾದರೆ 0.1 ಅಂತ ಬರೆದುಕೊಳ್ಳಿ. ಈ ಹೊಸ ವಿಧಾನದಲ್ಲಿ ಅಂಕಿ 1ಕ್ಕಿಂತ ಕೆಳಗೂ ಇಳಿಯಬಹುದು.

ಗರಡಿಯ ಇಬ್ಬರು ಹುಡುಗರು ಅಂದುಕೊಳ್ಳಿ. ಇಬ್ಬರೂ 64 ಕೆಜಿ. ಒಬ್ಬ 160 ಸೆಂ.ಮೀ., ಇನ್ನೊಬ್ಬ 172. 64ರ ಘನಮೂಲ 4. ಮೊದಲನೆಯವನಿಗೆ 40 ಬಂತು, ಎಕ್ಟೋಮಾರ್ಫಿ 0.9. ಎರಡನೆಯವನಿಗೆ 43, ಅಂದರೆ 2.9. ದುರ್ಗಾಂಬಿಕಾ ಜಾತ್ರೆಯ ಕುಸ್ತಿಯಲ್ಲಿ ಇವರಿಬ್ಬರನ್ನೇ ಜೋಡಿ ಬಿಡಬಹುದು, ತೂಕ ಒಂದೇ ಅಲ್ವಾ? ಆದರೆ ಇಬ್ಬರಿಗೂ ಒಂದೇ ಪಟ್ಟು ಕಲಿಸಿದರೆ ನಷ್ಟ. ಕೈ ಉದ್ದ ಇರುವವನು ದೂರದಿಂದಲೇ ಕಾಲು ಹಿಡಿಯಬಲ್ಲ. ಗಿಡ್ಡ ಹುಡುಗ ಕೆಳಗೆ ನುಗ್ಗಿ ಸೊಂಟ ಎತ್ತಬಲ್ಲ. ಅಂಕಿಯ ಉಪಯೋಗ ಇಷ್ಟೇ: ಯಾರನ್ನು ಹೊರಗಿಡಬೇಕು ಅಂತ ನೋಡುವುದಕ್ಕಲ್ಲ, ಯಾರಿಗೆ ಏನು ಕಲಿಸಬೇಕು ಅಂತ ನೋಡುವುದಕ್ಕೆ.

ಎಂಡೋಮಾರ್ಫಿಗೆ ಚರ್ಮದ ಮಡಿಕೆ ಅಳೆಯಬೇಕು. ತೋಳಿನ ಹಿಂದೆ, ಬೆನ್ನಿನ ರೆಕ್ಕೆಮೂಳೆಯ ತುದಿಯ ಕೆಳಗೆ, ಸೊಂಟದ ಮೂಳೆಯ ಮೇಲೆ. ತೋಳಿನದನ್ನು ಚೆನ್ನಾಗಿ ಕಲಿತರೆ ಉಳಿದವು ಕೈಗೆ ಬರುತ್ತವೆ. ಹುಡುಗನ ಬಲಗೈ ಸಡಿಲವಾಗಿ ಇಳಿಬಿಡಿಸಿ. ಭುಜದ ಮೂಳೆಯಿಂದ ಮೊಣಕೈವರೆಗೆ ಟೇಪು ಹಿಡಿದು ನಡುವೆ ಪೆನ್ನಿನಲ್ಲಿ ಗುರುತು ಹಾಕಿ. ನಿಮ್ಮ ಎಡಗೈಯ ಹೆಬ್ಬೆರಳು, ತೋರುಬೆರಳಿನಿಂದ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಹಿಡಿದು ಎತ್ತಿ, ಸ್ನಾಯು ಬರಬಾರದು. ಅನುಮಾನ ಬಂದರೆ ಕೈ ಬಿಗಿ ಮಾಡಲು ಹೇಳಿ, ಸ್ನಾಯು ಬೆರಳಿನಿಂದ ಜಾರಿಹೋಗುತ್ತದೆ. ಬೆರಳಿನಿಂದ ಒಂದು ಸೆಂಟಿಮೀಟರ್ ಕೆಳಗೆ ಕ್ಯಾಲಿಪರ್ ಇಟ್ಟು, ಎರಡು ಸೆಕೆಂಡ್ ಬಿಟ್ಟು ಮಿಲಿಮೀಟರ್ ಓದಿ. ಎರಡು ಸಲ ಅಳೆದು ಸರಾಸರಿ ತಗೊಳ್ಳಿ.

ಮೀಸೋಮಾರ್ಫಿಗೆ ಮೊಣಕೈ, ಮೊಣಕಾಲಿನ ಮೂಳೆಯ ಅಗಲ, ಬಿಗಿದ ತೋಳಿನ ಸುತ್ತಳತೆ, ಮೀನಖಂಡದ ಸುತ್ತಳತೆ ಮತ್ತು ಅದರ ಒಳಬದಿಯ ಮಡಿಕೆ ಬೇಕು. ಎತ್ತರ, ತೂಕವೂ ಸೇರಿ ಒಟ್ಟು ಹತ್ತು ಅಳತೆ. ಎಂಡೋಮಾರ್ಫಿ, ಮೀಸೋಮಾರ್ಫಿ ಎರಡರ ಸೂತ್ರವೂ ಉದ್ದ ಇದೆ. ಕಂಪ್ಯೂಟರ್ ಮೇಷ್ಟ್ರಿಗೆ ಹೇಳಿ ಎಕ್ಸೆಲ್‌ನಲ್ಲಿ ಒಮ್ಮೆ ಹಾಕಿಸಿಟ್ಟುಕೊಂಡರೆ ಸಾಕು.

ಅಂಕಿ ಓದುವಾಗ 2.5ರವರೆಗೆ ಕಡಿಮೆ, 3ರಿಂದ 5 ಮಧ್ಯಮ, 5.5ರಿಂದ ಮೇಲೆ ಜಾಸ್ತಿ ಅನ್ನಿ. ಪ್ರತಿ ಮಗುವಿಗೂ ಒಂದು ಕಾರ್ಡ್ ಮಾಡಿ, ಆರು ತಿಂಗಳಿಗೊಮ್ಮೆ ಮತ್ತೆ ಅಳೆದು ಅದರಲ್ಲೇ ಬರೆಯಿರಿ. ‘ಸರ್, ನಮ್ಮ ಹುಡುಗ ಸಣಕಲ, ಇವನಿಗೆ ಯಾವ ಆಟ ಬರುತ್ತೆ?’ ಅಂತ ಅಪ್ಪ ಅಮ್ಮ ಕೇಳಿದರೆ ಕಾರ್ಡ್ ತೋರಿಸಿ, ಎತ್ತರ ಎಷ್ಟು ಬೆಳೆದಿದೆ, ತೋಳು ಎಷ್ಟು ತುಂಬಿದೆ ಅಂತ ಹೇಳಿ. ಆಮೇಲೆ ಹುಡುಗನ ಕಡೆ ತಿರುಗಿ, ಯಾವ ಆಟ ಇಷ್ಟ ಅಂತ ಅವನನ್ನೇ ಕೇಳಿ.